ತಂಗಡಿಯ ಜಾಗ

ಕಾಖಂಡಕಿಯ ನಮ್ಮ ಅಂಗಳದಲ್ಲಿ ಚೆಂಡುಹೂವಿನ ಸಾಲಿದೆ. ಮಳೆ ಕೈಕೊಟ್ಟ ವರ್ಷವೂ ಅವ್ವ ಅದಕ್ಕೊಂದು ಕೊಡ ನೀರು ಉಳಿಸುತ್ತಾಳೆ. ಹೊಲದ ಬದುವಿನಲ್ಲಿ ಯಾರೂ ಹನಿ ನೀರು ಹಾಕದ ತಂಗಡಿ ಹಳದಿ ಹೂ ಹೊತ್ತು ನಿಂತಿರುತ್ತದೆ. ಕೆಲವೆಡೆ ಆವರಿಕೆ ಎನ್ನುವ ಈ ಗಿಡ ನಮಗೆ ಕಳೆ.

ತಂಗಡಿ ಈ ನೆಲದ್ದು, ಚೆಂಡುಹೂ ಮೆಕ್ಸಿಕೋದಿಂದ ಬಂದದ್ದು. ಹಾಗೆಂದು ಚೆಂಡುಹೂವನ್ನು ಹೊರಗಿನದೆನ್ನಲಾರೆ. ಅದಿಲ್ಲದೆ ನಮ್ಮ ದೀಪಾವಳಿಯಿಲ್ಲ. ಹುಟ್ಟಿದ ನೆಲವೊಂದೇ ಹಕ್ಕಿಗೆ ಆಧಾರವಾದರೆ, ಆ ತರ್ಕ ನಾಳೆ ಮನುಷ್ಯರ ಮೇಲೂ ತಿರುಗುತ್ತದೆ.

ಉಪಯೋಗದ ಮಾತಾಡಲೇ? ತಂಗಡಿಯ ತೊಗಟೆಯಿಂದ ತೊಗಲು ಹದ ಮಾಡುತ್ತಿದ್ದರು. ಮರ್ಯಾದೆಯ ಮಾತೇ? 2014ರಲ್ಲಿ ಹುಟ್ಟಿದ ತೆಲಂಗಾಣಕ್ಕೆ ಇದೇ ರಾಜ್ಯಪುಷ್ಪ. ಆದರೆ ಇವೆರಡೂ ನಮ್ಮ ಲೆಕ್ಕಗಳು, ಗಿಡದ್ದಲ್ಲ.

ನೀತಿಶಾಸ್ತ್ರದಲ್ಲಿ ಸಂಶೋಧನೆ ಮಾಡುವ ನಾನು ಹೋದ ವರ್ಷ ಒಂದು ತಂಗಡಿ ಕಿತ್ತು ತಂದು ಅಂಗಳದಲ್ಲಿ ನೆಟ್ಟೆ. ಆಳಕ್ಕಿಳಿದಿದ್ದ ತಾಯಿಬೇರು ತುಂಡಾಗಿತ್ತು. ವಾರದೊಳಗೆ ಒಣಗಿತು. ಅವ್ವ ಕೇಳಿದಳು: "ಬದುವಿನ್ಯಾಗ ಚಂದ ಇತ್ತಲ್ಲ, ಯಾಕ ತಂದಿ?"

ಉತ್ತರವಿರಲಿಲ್ಲ. ಬೇಲಿಯೊಳಗೆ ಕರೆತರುವುದೇ ಗೌರವವೆಂದುಕೊಂಡಿದ್ದೆ. ಇದ್ದಲ್ಲಿಯೇ ಇರಗೊಡುವುದೂ ಗೌರವವೆಂದು ಹೊಳೆದಿರಲಿಲ್ಲ. ಅದು ಕಷ್ಟದ ಗೌರವ, ಏಕೆಂದರೆ ಅದರಲ್ಲಿ ನನ್ನದೆನ್ನುವುದು ಏನೂ ಉಳಿಯುವುದಿಲ್ಲ.

ಈ ಮಳೆಗಾಲ ಅಂಗಳದಲ್ಲಿ ನಾಲ್ಕು ಬೀಜ ಊರಿದ್ದೇನೆ, ಬಂದರೆ ಬರಲಿ. ಬದು ಸ್ವಚ್ಛ ಮಾಡುವಾಗ ತಂಗಡಿಯನ್ನು ಬಿಡು ಎಂದು ಅಪ್ಪನನ್ನು ಕೇಳಿದ್ದೇನೆ. ಬಿಟ್ಟರೆ ಅದರ ಮಗ್ಗುಲಿನ ಜೋಳ ಅಷ್ಟು ಕಡಿಮೆಯಾಗುತ್ತದೆ. ಆ ಜೋಳ ಬಿತ್ತುವವನು ನಾನಲ್ಲ, ಅಪ್ಪ. ಅವನಿನ್ನೂ ಹೂಂ ಅಂದಿಲ್ಲ.