ನೋಟಕ್ಕೂ ಒಂದು ಮಿತಿ ಬೇಡವೇ?

ಬಂದೂಕು ಹಿಡಿದು ಹಕ್ಕಿಯ ಹಿಂದೆ ಹೋಗುವವನನ್ನು ನಾವು ಬೇಟೆಗಾರ ಎನ್ನುತ್ತೇವೆ. ಕ್ಯಾಮೆರಾ ಹಿಡಿದು ಹೋಗುವವನನ್ನು ಪಕ್ಷಿಪ್ರೇಮಿ ಎನ್ನುತ್ತೇವೆ. ಕ್ಯಾಮೆರಾ ಹಕ್ಕಿಯಿಂದ ಏನನ್ನೂ ಕಸಿದುಕೊಳ್ಳುವುದಿಲ್ಲ ಎಂಬುದು ನಮ್ಮ ನಂಬಿಕೆ. ಅದು ಎಷ್ಟು ಸರಿ?

ಬಳ್ಳಾರಿ ಜಿಲ್ಲೆಯನ್ನೇ ನೋಡೋಣ. ಸಿರುಗುಪ್ಪ ತಾಲೂಕಿನಲ್ಲಿ ತುಂಗಭದ್ರಾ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತದ ಗದ್ದೆಗಳಾಗಿವೆ. ನೀರು ತಲುಪದ ಎರೆಹೊಲಗಳೇ ಎರ್ಲಡ್ಡು ಹಕ್ಕಿಯ ಆಸರೆ. ದೊರವಾಯನ ಹಕ್ಕಿ, ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದರೂ ಇದೇ. ಗಂಡು ಹಕ್ಕಿ ಸುಮಾರು 15 ಕಿಲೋ ತೂಗಬಲ್ಲದು. 2011ರಲ್ಲಿ ಇದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಇಲ್ಲಿ ಕಾಣಸಿಗುವುದು ಬೆರಳೆಣಿಕೆಯಷ್ಟು ಮಾತ್ರ.

ಇದರ ಚಿತ್ರ ತೆಗೆಯುವುದು ಸುಲಭವಲ್ಲ. ಬಯಲಿನಲ್ಲಿ ಮರೆಗೆ ಒಂದು ಮರವೂ ಇರುವುದಿಲ್ಲ. ಮನುಷ್ಯ ದೂರದಲ್ಲಿ ಕಂಡರೂ ಹಕ್ಕಿ ಸರಿದುಬಿಡುತ್ತದೆ. ಹೊತ್ತೇರಿದರೆ ಬಿಸಿಲಿನ ಝಳದಲ್ಲಿ ಚಿತ್ರವೇ ನಡುಗುತ್ತದೆ. ಆದ್ದರಿಂದಲೇ ಕೆಲವರು ವಾಹನದಲ್ಲಿ ಹಕ್ಕಿಯನ್ನು ಅಟ್ಟಿಸುತ್ತಾರೆ. ಇನ್ನು ಕೆಲವರು ಗೂಡನ್ನು ಹುಡುಕುತ್ತಾರೆ. ಗೂಡಿನಲ್ಲಿರುವ ತಾಯಿ ದೂರ ಹೋಗಲಾರದಲ್ಲ! ಅಂದರೆ ತಾಯಿಯ ಮಮತೆಯೇ ನಮಗೆ ಅನುಕೂಲವಾಯಿತು.

ಎರ್ಲಡ್ಡು ಬರಿನೆಲದಲ್ಲಿ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಹೆಣ್ಣೊಂದೇ ಕಾವು ಕೂರುತ್ತದೆ. ಅದು ಹೆದರಿ ಎದ್ದುಹೋದರೆ ಮೊಟ್ಟೆಯ ಮೇಲೆ ಬಳ್ಳಾರಿಯ ಬಿಸಿಲು ಬೀಳುತ್ತದೆ, ಕಾಗೆ ನಾಯಿಗಳ ಕಣ್ಣೂ ಬೀಳುತ್ತದೆ. ಕುರುಗೋಡಿನಂಥ ಕಡೆಯ ಕಲ್ಲುಗುಡ್ಡಗಳ ಸಂದಿಯಲ್ಲಿ ಮರಿ ಮಾಡುವ ಕೊಂಬಿನ ಗೂಬೆಯ ಪಾಡೂ ಇದಕ್ಕಿಂತ ಬೇರೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನೂ 'ಬೇಟೆ'ಯ ಅರ್ಥದೊಳಗೇ ಸೇರಿಸಿದೆ. ಬಂದೂಕು, ಕ್ಯಾಮೆರಾಗಳ ನಡುವೆ ನಾವು ಎಳೆದ ಗೆರೆ ಅಷ್ಟು ಸ್ಪಷ್ಟವಲ್ಲ ಎಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಕ್ಯಾಮೆರಾವೇ ಬೇಡವೇ? ಹಾಗೆನ್ನುವುದು ಅನ್ಯಾಯ. ಒಂದು ಕಾಲದಲ್ಲಿ ಹಕ್ಕಿಯನ್ನು ಅರಿಯಬೇಕಾದರೆ ಅದನ್ನು ಹೊಡೆದುರುಳಿಸಬೇಕಿತ್ತು. ಸಲೀಂ ಅಲಿಯವರು 1985ರಲ್ಲಿ ಪ್ರಕಟಿಸಿದ ಆತ್ಮಕಥೆಯ ಹೆಸರಿನಲ್ಲೇ, ಬಾಲ್ಯದಲ್ಲಿ ಅವರು ಹೊಡೆದ ಗುಬ್ಬಚ್ಚಿಯ ನೆನಪಿದೆ. ಎರ್ಲಡ್ಡುವೇ ರಾಷ್ಟ್ರಪಕ್ಷಿಯಾಗಲಿ ಎಂದು ವಾದಿಸಿದವರೂ ಅವರೇ. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. ಕೊಲ್ಲದೆ ತಿಳಿಯುವ ದಾರಿಯನ್ನು ಕ್ಯಾಮೆರಾ ತೆರೆಯಿತು. 'ಇಲ್ಲಿ ಈ ಹಕ್ಕಿ ಇದೆ' ಎಂದು ಅಧಿಕಾರಿಗಳಿಗೆ ಮನಗಾಣಿಸಲು ಚಿತ್ರದಷ್ಟು ಬಲವಾದ ಸಾಕ್ಷಿ ಇನ್ನೊಂದಿಲ್ಲ.

ಆದರೆ ಆ ಸಾಕ್ಷಿಗೆ ದೂರದಿಂದ ತೆಗೆದ ಮಸುಕು ಚಿತ್ರವೇ ಸಾಕು. ಅದಕ್ಕಿಂತ ಹತ್ತಿರದ್ದು, ರೆಕ್ಕೆಯ ಗರಿಗರಿಯೂ ಎಣಿಸಲು ಸಿಗುವಂಥದ್ದು ಯಾರಿಗಾಗಿ? ಬಹುಮಾನಕ್ಕೆ, ಮೆಚ್ಚುಗೆಗೆ. ಹಕ್ಕಿಗೆ ಅದರಿಂದ ಲಾಭವಿಲ್ಲ. ಚಿತ್ರದ ಜೊತೆ ಊರ ಹೆಸರೂ ಹೊರಬಿದ್ದರೆ ಮರುದಿನ ಹತ್ತು ವಾಹನಗಳು ಅಲ್ಲಿಗೆ ಬರುತ್ತವೆ. ಬೆಳೆ ತುಳಿತಕ್ಕೊಳಗಾದ ರೈತನಿಗೆ ಹಕ್ಕಿಯೇ ವೈರಿಯಾಗಿ ಕಾಣಬಹುದು. ಆ ಹಕ್ಕಿಯ ಉಳಿವು ನಿಂತಿರುವುದಾದರೋ ಅವನ ಸಹನೆಯ ಮೇಲೆ.

ಪ್ರೀತಿ ನಮಗೆ ನೋಡುವ ಆಸೆಯನ್ನು ಕೊಡುತ್ತದೆಯೇ ಹೊರತು ನೋಡುವ ಹಕ್ಕನ್ನಲ್ಲ. ಹೊಲಕ್ಕೆ ಇಳಿಯುವ ಮುನ್ನ ರೈತನನ್ನು ಕೇಳೋಣ. ಗೂಡು ಕಂಡರೆ ಹಿಂದಿರುಗೋಣ. ಸ್ಥಳದ ಗುಟ್ಟು ಕಾಪಾಡೋಣ. ಹಕ್ಕಿ ಕತ್ತೆತ್ತಿ ನಮ್ಮತ್ತ ನೋಡಿತೆಂದರೆ ನಾವು ಅಷ್ಟರಲ್ಲೇ ಹೆಚ್ಚು ಹತ್ತಿರ ಹೋಗಿದ್ದೇವೆ ಎಂದರ್ಥ. ಚಿತ್ರ ಸಿಗದಿದ್ದರೂ ಅಲ್ಲಿಂದ ಮರಳುವುದೇ ಸರಿ.