ಬೇಲಿಯ ತಪ್ಪು

ಕೆ.ಆರ್. ಪುರದ ನನ್ನ ಚಿಕ್ಕಮ್ಮನ ಕಣ್ಣು ಹಳದಿಯಾದಾಗ ಹಲಸೂರಿನ ಒಂದು ಆಸ್ಪತ್ರೆಗೆ ಕರೆದೊಯ್ದಿದ್ದೆ. ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ 'ಅಮ್ಮಾ, ಡ್ರಿಂಕ್ಸ್ ಮಾಡ್ತೀರಾ?' ಎಂದರು. ಒಂದು ಹನಿಯನ್ನೂ ಮುಟ್ಟದ ಚಿಕ್ಕಮ್ಮ ತಲೆ ತಗ್ಗಿಸಿದರು. ನಾನೇ ಜೋರಾಗಿ 'ಇಲ್ಲ' ಎಂದೆ. ಆಮೇಲೆ ಅವರು ಆಸ್ಪತ್ರೆಯ ಮಾತೆತ್ತಲು ಬಿಡದೆ ನಾಲ್ಕು ತಿಂಗಳು ಕಾಮಾಲೆಯ ನಾಟಿ ಔಷಧಿ ಕುಡಿದರು. ಅಷ್ಟರಲ್ಲಿ ಯಕೃತ್ತು ಗಟ್ಟಿಯಾಗತೊಡಗಿತ್ತು.

ಕೊನೆಗೆ ಬೇರೆ ಕಡೆ ಪತ್ತೆಯಾದದ್ದು ಆಟೋಇಮ್ಯೂನ್ ಹೆಪಟೈಟಿಸ್. ಸೋಂಕನ್ನು ತಡೆಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ಬೀಳುವ ಕಾಯಿಲೆ, ಹೆಂಗಸರಲ್ಲೇ ಹೆಚ್ಚು. 'ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತು' ಎಂದರು ಅಜ್ಜಿ.

ಆದರೆ ಗಾದೆಯ ಬೇಲಿ ದ್ರೋಹಿ. ದೇಹದ ಬೇಲಿ ಹಾಗಲ್ಲ; ಅದು ತನ್ನವರನ್ನೇ ಪರರೆಂದು ತಪ್ಪಾಗಿ ಗುರುತಿಸಿದೆ, ಅಷ್ಟೆ. ದೇಹ ತನ್ನದನ್ನು ಸಹಿಸಲು ಹೇಗೆ ಕಲಿಯುತ್ತದೆಂದು ಚಿಂತಿಸಿದ ಮ್ಯಾಕ್‌ಫರ್ಲೇನ್ ಬರ್ನೆಟ್‌ಗೆ 1960ರಲ್ಲಿ ನೊಬೆಲ್ ಬಂತು. ಅವರ ಮೆಲ್ಬರ್ನ್ ಸಂಸ್ಥೆಯಲ್ಲಿದ್ದ ಇಯಾನ್ ಮೆಕೇ ಮತ್ತು ಸಂಗಡಿಗರು 1956ರಲ್ಲೇ ಈ ಕಾಯಿಲೆಯನ್ನು 'ಲೂಪಾಯ್ಡ್ ಹೆಪಟೈಟಿಸ್' ಎಂದು ಕರೆದಿದ್ದರು.

ಇದನ್ನು ಗುರುತಿಸಲು ಒಂದೇ ಪರೀಕ್ಷೆ ಸಾಲದು. ವೈರಸ್, ಮದ್ಯ, ಬೇರೆ ಔಷಧಿಗಳು, ಒಂದೊಂದನ್ನೂ ವಿಚಾರಿಸಬೇಕು. ರಕ್ತದಲ್ಲಿ ಐಜಿಜಿ ಮತ್ತು ಆಟೋಆಂಟಿಬಾಡಿಗಳನ್ನು ನೋಡಬೇಕು. ಬಯಾಪ್ಸಿ ಬೇಕು. ಅಂದರೆ ಆ ಪ್ರಶ್ನೆಯನ್ನು ಕೇಳಲೇಬೇಕಿತ್ತು. ಕೇಳಿದ್ದು ತಪ್ಪಲ್ಲ, ಎಲ್ಲರೆದುರು ಕೇಳಿದ್ದು ತಪ್ಪು. ಉತ್ತರ ಬರುವ ಮೊದಲೇ ಸುತ್ತಲಿನ ಕಣ್ಣುಗಳು ತೀರ್ಪು ಕೊಟ್ಟಿದ್ದವು.

ಬಹಳ ದಿನ ನನ್ನ ಸಿಟ್ಟು ಆ ಕಣ್ಣುಗಳ ಮೇಲಿತ್ತು. ಈಚೆಗೆ ನನ್ನ 'ಇಲ್ಲ'ವೇ ಚುಚ್ಚುತ್ತಿದೆ. 'ನಮ್ಮವರು ಅಂಥವರಲ್ಲ' ಎಂಬ ಹೆಮ್ಮೆ ಅದರಲ್ಲಿತ್ತು. ಹಾಗಾದರೆ ಕುಡಿದೇ ಲಿವರ್ ಕೆಡಿಸಿಕೊಂಡವನಿಗೆ ಆ ಅವಮಾನ ಸಲ್ಲುತ್ತದೆಯೇ? ನಾನೂ ಒಂದು ಬೇಲಿ ಹಾಕಿ, ಅವನನ್ನು ಆಚೆಗೆ ತಳ್ಳಿದ್ದೆ. ನೋವಿಗೆ ಅರ್ಹತೆ ಕೇಳಲು ಶುರುಮಾಡಿದರೆ ನಿರಪರಾಧಿಯೂ ಚಿಕ್ಕಮ್ಮನ ಹಾಗೆ ರೋಗವನ್ನು ಮುಚ್ಚಿಡುತ್ತಾನೆ.

ಚಿಕಿತ್ಸೆ ಬೇಲಿಯನ್ನು ಕೀಳುವುದಿಲ್ಲ. ಪ್ರೆಡ್ನಿಸೊಲೋನ್, ಅಜಥಯೊಪ್ರಿನ್ ಅದರ ಆವೇಶವನ್ನು ತಗ್ಗಿಸುತ್ತವೆ. ಹೆಚ್ಚು ತಗ್ಗಿಸಿದರೆ ಸೋಂಕಿನ ಭಯ. ತಾವಾಗಿ ಮಾತ್ರೆ ಬಿಟ್ಟರೆ ಕಾಯಿಲೆ ಮರಳುವ ಭಯ. ಹಾಗಾಗಿ ಚಿಕ್ಕಮ್ಮ ಈಗಲೂ ಮೆಟ್ರೋ ಹಿಡಿದು ರಕ್ತಪರೀಕ್ಷೆಗೆ ಹೋಗುತ್ತಾರೆ.

ಕಳೆದ ಸಲ ಕಣ್ಣು ಹಳದಿಯಾದ, ಕೈ ನಡುಗುತ್ತಿದ್ದ ಒಬ್ಬರಿಗೆ ಅದೇ ಪ್ರಶ್ನೆ ಬಂತು. 'ಹೌದು' ಎಂದರು. ಪಕ್ಕದವರು ಸ್ವಲ್ಪ ದೂರ ಸರಿದರು. ಚಿಕ್ಕಮ್ಮ ಬ್ಯಾಗನ್ನು ತೊಡೆಯ ಮೇಲೆತ್ತಿಕೊಂಡು, 'ಇಲ್ಲಿ ಕೂತ್ಕೊಳ್ಳಿ' ಎಂದರು.