ಲೆಕ್ಕಕ್ಕೆ ಬಾರದ ಮೀನಿನ ಮರಿಗಳು

ವಿಷದ ಬಗ್ಗೆ ಪಾಠ ಹೇಳಬೇಕಾದರೆ ಯಾವುದಾದರೂ ಜೀವಕ್ಕೆ ವಿಷ ಕೊಡಲೇಬೇಕೆ? ಅಮೆರಿಕದ ಹಲವು ಕಾಲೇಜುಗಳಲ್ಲಿ ಪದವಿ ತರಗತಿಯ ಹುಡುಗ ಹುಡುಗಿಯರು ಝೀಬ್ರಾ ಮೀನಿನ ಭ್ರೂಣಗಳನ್ನಿಟ್ಟುಕೊಂಡು ಈ ಪಾಠ ಕಲಿಯುತ್ತಾರೆ. ಬೆಳೆದವರಿಗೆ ಅಷ್ಟೇನೂ ತೊಂದರೆ ಕೊಡದ ವಸ್ತು, ರೂಪುಗೊಳ್ಳುತ್ತಿರುವ ದೇಹವನ್ನು ಹೇಗೆ ಕೆಡಿಸುತ್ತದೆ ಎಂಬುದೇ ಆ ಪಾಠ. ಅದರ ಹಿಂದೆ ದೊಡ್ಡ ದುರಂತವೊಂದಿದೆ. 1957ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಮಾತ್ರೆಯನ್ನು ಬಸುರಿಯರು ವಾಕರಿಕೆ ನಿಲ್ಲಲೆಂದು ನುಂಗಿದರು. 1961ರ ಕೊನೆಗೆ ಅದನ್ನು ಹಿಂದೆಗೆದುಕೊಳ್ಳುವ ಹೊತ್ತಿಗೆ, ಕೈಕಾಲು ಮೊಟಕಾದ ಸಾವಿರಾರು ಮಕ್ಕಳು ಹುಟ್ಟಿಬಿಟ್ಟಿದ್ದರು.

ಒಂದೂವರೆ ಅಂಗುಲದ ಈ ಪಟ್ಟೆ ಮೀನು ನಮ್ಮ ಉಪಖಂಡದ್ದೇ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿಯವರ ಆಜ್ಞೆಯಂತೆ ಮೈಸೂರು ಸೀಮೆಯನ್ನು ಅಳೆದು ಬರೆದುಕೊಳ್ಳಲು ಬಂದ ಫ್ರಾನ್ಸಿಸ್ ಬುಕಾನನ್ನೇ 1822ರಲ್ಲಿ ಗಂಗೆಯ ಮೀನುಗಳ ಪುಸ್ತಕದಲ್ಲಿ ಇದನ್ನೂ ದಾಖಲಿಸಿದ. ಆಳುವವರ ಲೆಕ್ಕದಿಂದ ಊರೂ ತಪ್ಪಿಸಿಕೊಳ್ಳಲಿಲ್ಲ, ಮೀನೂ ತಪ್ಪಿಸಿಕೊಳ್ಳಲಿಲ್ಲ! 1970ರ ದಶಕದಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಇದನ್ನು ಪ್ರಯೋಗಶಾಲೆಯ ಪ್ರಾಣಿಯನ್ನಾಗಿ ಮಾಡಿದರು.

ಮೊಟ್ಟೆ ಗಾಜಿನಂತೆ ಪಾರದರ್ಶಕ. ತಾಯಿಯ ಹೊಟ್ಟೆಯ ಹೊರಗೇ ಬೆಳೆಯುತ್ತದೆ. ಸುಮಾರು ಒಂದು ದಿನ ಕಳೆಯುವಷ್ಟರಲ್ಲಿ ಹೃದಯ ಬಡಿಯಲು ಶುರುವಾಗಿರುತ್ತದೆ, ಸೂಕ್ಷ್ಮದರ್ಶಕದಲ್ಲಿ ಅದನ್ನು ಕಣ್ಣಾರೆ ನೋಡಬಹುದು. ವಿದ್ಯಾರ್ಥಿ ಒಂದು ತಟ್ಟೆಯ ನೀರಿಗೆ ಆಲ್ಕೋಹಾಲ್ ಬೆರೆಸುತ್ತಾನೆ. ಅದರ ಪ್ರಮಾಣ ಹೆಚ್ಚಾದಂತೆ ಬಾಲ ಡೊಂಕಾಗುತ್ತದೆ, ಹೃದಯದ ಸುತ್ತ ನೀರು ತುಂಬಿ ಊದಿಕೊಳ್ಳುತ್ತದೆ, ಕಣ್ಣುಗಳು ಹತ್ತಿರ ಹತ್ತಿರ ಸರಿದು ಕೆಲವು ಮರಿಗಳಲ್ಲಿ ಒಂದೇ ಆಗಿಬಿಡುತ್ತವೆ. ಬಸುರಿಗೆ ಮದ್ಯ ಬೇಡವೆಂದು ನೂರು ಭಾಷಣ ಕೇಳಿದವನಿಗೂ ಆ ಒಂಟಿ ಕಣ್ಣು ಮರೆಯಲಾರದು.

ಹೋಲಿಕೆಗೆಂದು ಇನ್ನೊಂದು ತಟ್ಟೆ ಇರುತ್ತದೆ, ಕಂಟ್ರೋಲ್ ಎಂದು ಕರೆಯುವುದು. ಅದರಲ್ಲಿರುವುದು ಬರೀ ಶುದ್ಧ ನೀರು. ಅದರ ಮರಿಗಳು ನೆಟ್ಟಗೆ ಬೆಳೆಯುತ್ತವೆ, ಮೂರನೇ ದಿನದ ಹೊತ್ತಿಗೆ ಮೊಟ್ಟೆಯೊಡೆದು ಈಜುತ್ತವೆ. ಪ್ರಯೋಗ ಮುಗಿದ ಮೇಲೆ ಸಾಮಾನ್ಯವಾಗಿ ಅವನ್ನೂ ಕೊಲ್ಲುತ್ತಾರೆ.

ಯುರೋಪಿನ 2010ರ ಕಾನೂನು ಮೀನಿನ ಮರಿಗೆ ರಕ್ಷಣೆ ಕೊಡುವುದು ಅದು ತಾನಾಗಿ ಆಹಾರ ತಿನ್ನತೊಡಗಿದ ಮೇಲೆ. ಝೀಬ್ರಾ ಮೀನಿಗೆ ಅದನ್ನು ಸುಮಾರು ಐದು ದಿನವೆಂದು ಹಿಡಿಯುತ್ತಾರೆ. ಅದಕ್ಕೆ ಮೊದಲು ಕಾನೂನಿನ ಪ್ರಕಾರ ಅಲ್ಲಿ ‘ಪ್ರಯೋಗಪ್ರಾಣಿ’ಯೇ ಇಲ್ಲ! ಎಲ್ಲೋ ಒಂದು ಗೆರೆ ಎಳೆಯಲೇಬೇಕು, ಒಪ್ಪುತ್ತೇನೆ. ಆದರೆ ಆ ಗೆರೆ ಹೇಳುವುದು ಅನುಮತಿ ಯಾವಾಗ ಬೇಕು ಎಂಬುದನ್ನು ಮಾತ್ರ. ಮಿಡಿಯುವ ಹೃದಯವನ್ನು ಕಂಡ ಹುಡುಗಿಗೆ ಮೇಷ್ಟ್ರು ‘ಇದು ಪ್ರಾಣಿಯಲ್ಲಮ್ಮ’ ಎಂದರೆ, ಅವಳು ಕಲಿಯುವುದು ತನ್ನ ಕಣ್ಣನ್ನೇ ನಂಬದಿರುವುದನ್ನು.

ಪ್ರಯೋಗಶಾಲೆಯ ಇಂಗ್ಲಿಷಿನಲ್ಲಿ ಇಲಿ ಮೊಲಗಳನ್ನು ಕೊಂದದ್ದಕ್ಕೆ ‘ಸ್ಯಾಕ್ರಿಫೈಸ್’ ಎಂದು ಬರೆಯುವ ವಾಡಿಕೆಯಿದೆ. ಬಕ್ರೀದಿನ ಆಡಿನ ಪಕ್ಕ ನಿಂತವನಿಗೆ ಈ ಮಾತು ಹಗುರವಲ್ಲ. ಅದಕ್ಕೆ ನೀರು ಕುಡಿಸಬೇಕು, ಚೂರಿಯನ್ನು ಅದರ ಕಣ್ಣೆದುರು ಮಸೆಯಬಾರದು, ಅಲ್ಲಾಹನ ಹೆಸರು ಹೇಳಬೇಕು. ಮೀನಿಗಾದರೋ ನಮ್ಮಲ್ಲೂ ಜಬಹ್ ಬೇಕಿಲ್ಲ. ಪ್ರಯೋಗಶಾಲೆಯಲ್ಲಿ ಭ್ರೂಣಕ್ಕೆ ‘ಬಲಿ’ ಎಂಬ ಪದದ ಗೌರವವೂ ಸಿಗದೆ, ‘ವಿಲೇವಾರಿ’ ಎಂದು ಮುಗಿಸಿದರೆ ಹೆಚ್ಚು.

ಹಾಗಾದರೆ ನಿಲ್ಲಿಸಿಬಿಡಬೇಕೆ? ನಮ್ಮ ಯುಜಿಸಿ 2014ರಲ್ಲಿ ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಲು ಹೇಳಿತು. ಒಳ್ಳೆಯದೇ ಆಯಿತು. ಕಪ್ಪೆಯ ಕರುಳು ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದು, ಚಿತ್ರದಲ್ಲೇ ಸಿಗುತ್ತದೆ. ಆಲ್ಕೋಹಾಲಿನ ಪ್ರಯೋಗವೂ ಈಗ ಹಾಗೆಯೇ. ಉತ್ತರ ಪುಸ್ತಕದಲ್ಲಿದೆ, ಚಿತ್ರೀಕರಣವನ್ನು ನೋಡಿದರೆ ಸಾಕು. ಆದರೆ ತಮ್ಮೂರ ಕೆರೆಗೆ ಸೇರುವ ಕಾರ್ಖಾನೆಯ ನೀರಿನಲ್ಲಿ ಮೊಟ್ಟೆ ಬೆಳೆಯುತ್ತದೆಯೇ ಎಂದು ವಿದ್ಯಾರ್ಥಿಗಳು ಕೇಳಿದರೆ, ಅದಕ್ಕೆ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. ಆ ನೀರನ್ನು ನಾಳೆ ಕುಡಿಯುವ ಬಸುರಿಯರಿದ್ದಾರೆ. ಅಂಥ ಪ್ರಶ್ನೆಗೆ ಕೆಲವು ಮರಿಗಳನ್ನು ಕೇಳುವ ಹಕ್ಕು ನಮಗಿದೆ ಎಂದೇ ನನ್ನ ತಿಳಿವಳಿಕೆ.

ಕೇಳಿದಷ್ಟನ್ನೂ ಬರೆದಿಡಬೇಕು. ವಿದ್ಯಾರ್ಥಿಯ ಪುಸ್ತಕದಲ್ಲಿ ಸತ್ತವು, ಅಂಗ ಕೆಟ್ಟವು ಎಂಬ ಕಲಮುಗಳಿರುತ್ತವೆ. ಶುದ್ಧ ನೀರಿನ ತಟ್ಟೆಯಲ್ಲಿ ಬೆಳೆದು, ಕೊನೆಗೆ ನಾವೇ ಕೊಂದವು ಎಷ್ಟು ಎಂಬುದಕ್ಕೂ ಒಂದು ಕಲಮು ಇರಲಿ. ಇಪ್ಪತ್ತು ಸಾಕಾಗುವ ಕಡೆ ಇನ್ನೂರು ತೆಗೆದುಕೊಂಡಿದ್ದರೆ ಅದು ಅಲ್ಲಿ ಕಾಣುತ್ತದೆ.